ಮುಗಿಸುತ್ತಿದ್ದೇನೆ, ಮುಗಿಯಿತು

ನಾನು ಸ್ಪ್ಯಾನಿಷ್ ಕಲಿತದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಗಂಡನಿಗೆ ವಿಮಾ ಕಚೇರಿಯಿಂದ ವಡೋದರಾಕ್ಕೆ ವರ್ಗವಾಯಿತು. ನಾನು ತುಮಕೂರಿನಲ್ಲಿದ್ದ ಶಾಲೆಯ ಕೆಲಸ ಬಿಟ್ಟು ಬಂದೆ. ಗುಜರಾತಿ ಬಾರದವಳಿಗೆ ಇಲ್ಲಿ ಯಾವ ಶಾಲೆಯೂ ಕೆಲಸ ಕೊಡಲಿಲ್ಲ. ಊರಿನ ವಿಶ್ವವಿದ್ಯಾಲಯದಲ್ಲಿ ಸಂಜೆ ಹೊತ್ತು ವಿದೇಶಿ ಭಾಷೆಗಳ ಡಿಪ್ಲೊಮಾ ಇದೆಯೆಂದು ಪಕ್ಕದ ಮನೆಯವರು ಹೇಳಿದರು. ಹೋಗಿ ವಿಚಾರಿಸಿದರೆ ಫ್ರೆಂಚ್ ತರಗತಿ ಭರ್ತಿಯಾಗಿತ್ತು, ಸ್ಪ್ಯಾನಿಷ್‌ನಲ್ಲಿ ಜಾಗವಿತ್ತು. ಸೇರಿದೆ. ಮೂರು ವರ್ಷ ಕಲಿತೆ, ಆಮೇಲೆ ಮನೆಯಲ್ಲೇ ಪಾಠ ಹೇಳತೊಡಗಿದೆ. ಈ ಕಡೆಯ ಬಣ್ಣದ ಕಾರ್ಖಾನೆಗಳು, ಔಷಧ ಕಾರ್ಖಾನೆಗಳು ಮೆಕ್ಸಿಕೊ, ಪೆರು ಅಂತ ಮಾಲು ಕಳಿಸುತ್ತವೆ. ಅವರ ಕಾಗದಪತ್ರ ಅನುವಾದ ಮಾಡಿಕೊಡುವ ಕೆಲಸವೂ ಬಂತು.

ಕೆಲವು ವರ್ಷಗಳ ಹಿಂದೆ ಸೂರತ್ ಪಕ್ಕದ ಸಚಿನ್‌ನಲ್ಲಿರುವ ಒಂದು ಕಾರ್ಖಾನೆಯವರು ಮೆಕ್ಸಿಕೊದಲ್ಲಿ ಹಳೆಯದೊಂದು ಘಟಕ ಕೊಂಡರು. ಇಲ್ಲಿಂದ ಐದು ಜನರನ್ನು ಅಲ್ಲಿಗೆ ಕಳಿಸುವುದಿತ್ತು. ಹೋಗುವ ಮುಂಚೆ ಅವರಿಗೆ ಕೆಲಸಕ್ಕೆ ಬೇಕಾಗುವಷ್ಟು ಸ್ಪ್ಯಾನಿಷ್ ಕಲಿಸಿ ಎಂದು ನನ್ನನ್ನು ಕೇಳಿದರು. ನಾಲ್ಕು ತಿಂಗಳು, ಪ್ರತಿ ಶನಿವಾರ. ಬೆಳಗಿನ ರೈಲಿನಲ್ಲಿ ಸೂರತ್, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಸಚಿನ್. ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಪಾಠ. ಕಿಟಕಿ ತೆರೆದರೆ ಗಂಟಲು ಕೆರೆಯುವ ಹುಳಿ ವಾಸನೆ, ಮುಚ್ಚಿದರೆ ಸೆಕೆ. ಬೇರೆಯವರು ಮುಚ್ಚಿ ಎನ್ನುತ್ತಿದ್ದರು. ಒಬ್ಬರು ಮಾತ್ರ ತೆರೆದೇ ಇರಲಿ ಎನ್ನುತ್ತಿದ್ದರು.

ಆ ಒಬ್ಬರು ಬಾಗಲಕೋಟೆ ಕಡೆಯವರು. ಮೂವತ್ತೈದರ ಆಸುಪಾಸು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಇಲ್ಲಿಗೆ ಬಂದು ಹತ್ತು ವರ್ಷವಾಗಿತ್ತು. ಬೆರಳಿನ ಉಗುರುಗಳೆಲ್ಲ ಅರಿಸಿನ ಕಲಸಿದ ಹಾಗೆ ಹಳದಿ. ಆ ಬಣ್ಣ ತೊಳೆದರೆ ಹೋಗುವುದಿಲ್ಲ, ಉಗುರು ಬೆಳೆದು ಕತ್ತರಿಸಿಯೇ ಹೋಗಬೇಕು. ಮೊದಲ ದಿನ ನಾನು ವರಾಂಡದಲ್ಲಿ ನಿಂತು ನನ್ನ ಅಕ್ಕನೊಡನೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಓಡಿ ಬಂದರು.

"ನೀವು ಕನ್ನಡದಾವ್ರೇನ್ರಿ? ಅಯ್ಯ, ಮೊದಲ ಹೇಳಬಾರದೇನ್ರಿ ಅಕ್ಕೋರ!"

ಅವರ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವತ್ತಿನಿಂದ ಕೊನೆಯವರೆಗೂ ನಾನು ಅವರಿಗೆ ಅಕ್ಕೋರೇ.

ಪಾಠ ನಡೆಯುತ್ತಿದ್ದದ್ದು ಹಿಂದಿಯಲ್ಲಿ. ಉಳಿದ ನಾಲ್ವರಿಗೆ ಬೇಕಾದದ್ದು ನಮಸ್ಕಾರ, ಊಟ, ಬೆಲೆ, ಎಣಿಕೆ. ಇವರಿಗೆ ಕ್ರಿಯಾಪದ ಬೇಕಿತ್ತು. "ಕಾರ್ಖಾನ್ಯಾಗ ಎಲ್ಲಾ ಕ್ರಿಯಾನ ಅಲ್ರಿ. ತೆರಿ, ಮುಚ್ಚು, ತುಂಬು, ಖಾಲಿ ಮಾಡು, ನಿಲ್ಲಸು" ಎನ್ನುತ್ತಿದ್ದರು. ಸ್ಪ್ಯಾನಿಷ್ ಕ್ರಿಯಾಪದಗಳೂ ಕನ್ನಡದವುಗಳ ಹಾಗೇ ಬಾಲದಲ್ಲಿ ಯಾರು ಎಂಬುದನ್ನು ಹೊತ್ತುಕೊಂಡಿರುತ್ತವೆ. ನಾವು ಬರುತ್ತೇನೆ ಎಂದರೆ ನಾನು ಎಂದು ಬೇರೆ ಹೇಳಬೇಕಿಲ್ಲ. ಅಲ್ಲೂ ಹಾಗೇ. ಅದನ್ನು ಅವರು ಕ್ಷಣದಲ್ಲಿ ಹಿಡಿದರು. ಕಷ್ಟವಾದದ್ದು ಒತ್ತು.

ಕನ್ನಡದಲ್ಲಿ ಯಾವ ಅಕ್ಷರದ ಮೇಲೆ ಒತ್ತಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬದಲಾಗುತ್ತದೆ. ಮೊದಲು ಪದವನ್ನು ಸರಿಯಾಗಿ ಉಚ್ಚಾರಗಳಾಗಿ ಒಡೆಯಬೇಕು, ಆಮೇಲೆ ಒಂದರ ಮೇಲೆ ಮಾತ್ರ ಒತ್ತು ಹಾಕಬೇಕು. ನಾನು ಚಪ್ಪಾಳೆ ತಟ್ಟಿ ಒಡೆದು ತೋರಿಸುತ್ತಿದ್ದೆ. ಶುಚಿ ಮಾಡುವ ಕೆಲಸಕ್ಕೆ ಅವರು ಲಿಂಪ್ಯೇಸಾ ಎನ್ನುತ್ತಾರೆ. ಲಿಂ, ಪ್ಯೇ, ಸಾ. ಮೂರೇ ಚಪ್ಪಾಳೆ. ಬಾಗಲಕೋಟೆಯವರು ಲಿಂ, ಪಿ, ಯೇ, ಸಾ ಎಂದು ನಾಲ್ಕು ತಟ್ಟುತ್ತಿದ್ದರು. ಉಳಿದವರು ನಗುತ್ತಿದ್ದರು. ಮೂರನೇ ಶನಿವಾರ ಅವರು ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಕೆಳಗೂ ಕನ್ನಡ ಲಿಪಿಯಲ್ಲಿ ಬರೆದು, ಮೇಲೆ ಲಘು ಗುರುಗಳ ಗುರುತು ಹಾಕಿಕೊಂಡು ಬಂದಿದ್ದರು.

"ಹೈಸ್ಕೂಲಿನ್ಯಾಗ ಪ್ರಸ್ತಾರ ಹಾಕತಿದ್ವಿ ನೋಡ್ರಿ, ಹಂಗ. ಇವರದು ಒಂದ ಶಬ್ದಕ್ಕ ಒಂದ ಗುರು. ಅಷ್ಟ ಫರಕು" ಎಂದರು. ನನಗೆ ಇಪ್ಪತ್ತು ವರ್ಷ ಹೊಳೆಯದಿದ್ದ ಉಪಾಯ ಅದು.

ಆ ದಿನ ಅವರ ಉತ್ಸಾಹ ನೋಡಿ ನಾನು ಎಲ್ಲ ಪಠ್ಯಗಳಲ್ಲೂ ಇರುವ ಮೂರು ಪದಗಳನ್ನು ಬೋರ್ಡಿನ ಮೇಲೆ ಬರೆದೆ. ಮೂರಕ್ಕೂ ಅವೇ ಅಕ್ಷರಗಳು, ಅದೇ ಸಾಲು. ಮೊದಲ ಉಚ್ಚಾರಕ್ಕೆ ಒತ್ತು ಕೊಟ್ಟರೆ ತೇರ್ಮಿನೊ, ಅಂದರೆ ಕೊನೆ. ನಡುವಿನದಕ್ಕೆ ಕೊಟ್ಟರೆ ತೆರ್ಮೀನೊ, ಅಂದರೆ ನಾನು ಮುಗಿಸುತ್ತೇನೆ, ಮುಗಿಸುತ್ತಿದ್ದೇನೆ. ಕೊನೆಯದಕ್ಕೆ ಕೊಟ್ಟರೆ ತೆರ್ಮಿನೋ, ಅಂದರೆ ಮುಗಿಯಿತು. ಸ್ವರದಲ್ಲಿ ಕೊನೆಯಾಗುವ ಪದಕ್ಕೆ ಒತ್ತು ತಾನಾಗಿಯೇ ಕೊನೆಯದರ ಹಿಂದಿನ ಉಚ್ಚಾರಕ್ಕೆ ಬೀಳುತ್ತದೆ, ಹಾಗೆ ಬಿದ್ದರೆ ಗುರುತು ಬೇಡ. ಬೇರೆ ಕಡೆ ಬೀಳಬೇಕಾದರೆ ಆ ಸ್ವರದ ತಲೆಯ ಮೇಲೆ ಸಣ್ಣ ಓರೆ ಗೆರೆ ಎಳೆಯಬೇಕು. ಹಾಗಾಗಿ 'ಮುಗಿಸುತ್ತಿದ್ದೇನೆ' ಎಂಬುದಕ್ಕೆ ಗೆರೆ ಇಲ್ಲ. 'ಮುಗಿಯಿತು' ಎಂಬುದಕ್ಕೆ ಕೊನೆಯ ಅಕ್ಷರದ ಮೇಲೆ ಗೆರೆ ಇದೆ. ಬರಹದಲ್ಲಿ ಅವೆರಡಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಅವರು ಬೋರ್ಡನ್ನೇ ನೋಡುತ್ತ ಕೂತರು. "ಒಂದ ಗೆರಿ ತಪ್ಪಿದ್ರ, ಇನ್ನೂ ನಡದದ್ದು ಮುಗದ ಹೋಗ್ತೈತಿ ಅನ್ರಿ."

"ಹೌದು" ಎಂದೆ. ಉಳಿದವರಿಗೆ ಹಿಂದಿಯಲ್ಲಿ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ.

ಕೊನೆಯ ತರಗತಿಯ ದಿನ ಅವರು ನನ್ನನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಕಾರ್ಖಾನೆಯವರೇ ಕೊಟ್ಟಿದ್ದ ಎರಡು ಕೋಣೆಯ ಮನೆ. ಹೆಂಡತಿ ಪಕ್ಕದ ಉಧ್ನಾದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದರು. ಮಿತಭಾಷಿ. ರೊಟ್ಟಿ ಬಡಿಯುತ್ತಲೇ ಎರಡು ಪ್ರಶ್ನೆ ಕೇಳಿದರು. ಅಲ್ಲಿಯ ಜನ ಹೆಂಗ್ರಿ? ಅಲ್ಲಿ ದವಾಖಾನಿ ಛಲೋ ಅದಾವೇನ್ರಿ? ಆರು ವರ್ಷದ ಮಗಳು ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. "ಈಕಿಗೆ ಕನ್ನಡ ಕಲಸೂದು ನಾ ಬಂದ ಮ್ಯಾಲ" ಎಂದು ಅವರು ನಕ್ಕರು. ಎರಡು ವರ್ಷದ ಮಾತಾಗಿತ್ತು.

ಹೋದ ಮೇಲೆ ಪ್ರತಿ ಭಾನುವಾರ ನನಗೆ ಮೆಸೇಜು ಕಳಿಸುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಕೆಳಗೆ ಐದು ಸ್ಪ್ಯಾನಿಷ್ ವಾಕ್ಯ. ತಿದ್ದಿಕೊಡಿ ಅಕ್ಕೋರ. ಫೋನಿನಲ್ಲಿ ಅಕ್ಷರವನ್ನು ಒತ್ತಿ ಹಿಡಿದರೆ ಗೆರೆ ಇರುವ ಅಕ್ಷರ ಬರುತ್ತದೆ. ಅವರು ಪ್ರತಿಯೊಂದಕ್ಕೂ ಒತ್ತಿ ಹಿಡಿಯುತ್ತಿದ್ದರು. ಒಂದು ಗೆರೆಯೂ ತಪ್ಪುತ್ತಿರಲಿಲ್ಲ. ಉಳಿದ ನಾಲ್ವರು ಅಲ್ಲಿ ಹೋಗಿ ಸನ್ನೆ ಮತ್ತು ಇಂಗ್ಲಿಷ್‌ನಲ್ಲಿ ನಿಭಾಯಿಸಿದರಂತೆ. ಇವರು ಕೂಲಿಯವರ ಜೊತೆ ಕೂತು ಉಣ್ಣುತ್ತಿದ್ದರು, ಅವರ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುತ್ತಿದ್ದರು. ಆರನೇ ತಿಂಗಳ ಹೊತ್ತಿಗೆ ಒಂದು ಮೆಸೇಜು ಬಂತು:

"ಅಕ್ಕೋರ, ಇಲ್ಲಿ ಯಾರೂ ಫೋನಿನ್ಯಾಗ ಗೆರಿ ಹಾಕಂಗಿಲ್ರಿ. ನಾ ಹಾಕಿದ್ರ ನಗ್ತಾರ. ಪ್ರೊಫೆಸರ್ ಅಂತ ಹೆಸರಿಟ್ಟಾರ."

ನಾನು ಒಲೆಯ ಮುಂದೆ ನಿಂತಿದ್ದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು. "ಫೋನಲ್ಲಿ ಬಿಟ್ಬಿಡಿ, ಪರವಾಗಿಲ್ಲ. ಅವರಿಗೆ ಅರ್ಥ ಆಗುತ್ತೆ" ಎಂದು ಬರೆದು ಕಳಿಸಿದೆ. ಅದು ಸುಳ್ಳಲ್ಲ. ಅಲ್ಲಿಯ ಜನ ಫೋನಿನಲ್ಲಿ ಗೆರೆ ಬಿಡುತ್ತಾರೆ, ಮುಂದಿನ ಹಿಂದಿನ ಮಾತು ನೋಡಿ ಅರ್ಥ ಮಾಡಿಕೊಳ್ಳುತ್ತಾರೆ.

ಇದಾಗಿ ಮೂರನೇ ತಿಂಗಳಿಗೆ ಕಾರ್ಖಾನೆಯಿಂದ ಫೋನು ಬಂತು. ಬಾಗಲಕೋಟೆಯವರು ತೀರಿಕೊಂಡಿದ್ದಾರೆ, ಕೆಲಸದ ಜಾಗದಲ್ಲಿ ಅಪಘಾತ, ನಾಡಿದ್ದು ಶವ ಅಹಮದಾಬಾದಿಗೆ ಬರುತ್ತದೆ, ಜೊತೆಗಿರುವ ಕಾಗದಗಳು ಸ್ಪ್ಯಾನಿಷ್‌ನಲ್ಲಿವೆ, ನೀವು ಬಂದರೆ ಅನುಕೂಲ. ಮಾತಾಡಿದ ಹುಡುಗಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಫೋನಿಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ ಅವರ ಹಿಂದಿನ ಭಾನುವಾರದ ಮೆಸೇಜು ತೆಗೆದು ನೋಡಿದ್ದು. ಅದರ ಐದು ವಾಕ್ಯ ತಿದ್ದಿ ಕಳಿಸುವುದನ್ನು ನಾನು ಮರೆತಿದ್ದೆ.

ಅಹಮದಾಬಾದಿನ ವಿಮಾನ ನಿಲ್ದಾಣದ ಸರಕಿನ ವಿಭಾಗ ದೊಡ್ಡ ಉಗ್ರಾಣದಂತಿದೆ. ಬಟ್ಟೆಯ ಬೇಲುಗಳು, ಔಷಧದ ಪೆಟ್ಟಿಗೆಗಳು, ತಳ್ಳುಗಾಡಿಗಳು. ಅವರ ಹೆಂಡತಿ ಮತ್ತು ಊರಿನಿಂದ ಬಂದಿದ್ದ ಮೈದುನ ಒಂದು ಸಿಮೆಂಟ್ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲ ಬಳಿಯ ಅಧಿಕಾರಿ ಕಾಗದಗಳನ್ನು ನನ್ನ ಕೈಗಿತ್ತು ಒಂದೊಂದೇ ಏನೆಂದು ಕೇಳಿದ. ಇದು ಮರಣ ಪತ್ರ. ಇದು ಶವ ಕೆಡದಂತೆ ಮಾಡಿದ್ದರ ಪತ್ರ. ಇದು ಪೆಟ್ಟಿಗೆಗೆ ಮೊಹರು ಹಾಕಿದ್ದರದು. ಸರ್ಕಾರಿ ಕಾಗದಗಳಾದ್ದರಿಂದ ಎಲ್ಲ ಗೆರೆಗಳೂ ಅವುಗಳ ಜಾಗದಲ್ಲಿ ಸರಿಯಾಗಿದ್ದವು. 'ತೀರಿಕೊಂಡರು' ಎಂಬ ಪದದ ಕೊನೆಯ ಅಕ್ಷರದ ಮೇಲೂ.

ಅವರ ಹೆಂಡತಿ ನನ್ನ ಪಕ್ಕಕ್ಕೆ ಬಂದು ನಿಂತರು. "ಹೆಂಗ ಆತಂತ ಬರದಾರೇನ್ರಿ ಅದರಾಗ?"

"ಉಸಿರುಗಟ್ಟಿ ಅಂತ ಬರೆದಿದ್ದಾರೆ."

"ಒಡದದ್ದು, ಸುಟ್ಟದ್ದು ಏನಿಲ್ಲಲ್ರಿ?"

"ಇಲ್ಲ. ಏನೂ ಇಲ್ಲ."

"ಹಂಗಂದ್ರ ಮುಖ ನೋಡಬಹುದು" ಎಂದು ತಮಗೆ ತಾವೇ ಹೇಳಿಕೊಂಡರು.

ಆಂಬುಲೆನ್ಸು ಸೂರತ್ ಕಡೆ ಹೊರಟಿತು. ನಾನು ವಡೋದರಾದಲ್ಲಿ ಇಳಿದುಕೊಂಡೆ.

ಆರು ವಾರ ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಕಾರ್ಖಾನೆಯವರು ಒಂದು ವರದಿ ಕೊಟ್ಟಿದ್ದಾರೆ, ಇಂಗ್ಲಿಷ್‌ನಲ್ಲಿದೆ, ಒಂದು ಸಾಲು ತಿಳಿಯುತ್ತಿಲ್ಲ ಎಂದರು. ಓದಿ ಹೇಳಿದರು. ಇಂಜಿನಿಯರ್ ತಾವು ಇನ್ನೂ ಟ್ಯಾಂಕಿನ ಒಳಗಿರುವಾಗಲೇ ಶುಚಿ ಕೆಲಸ ಮುಗಿಯಿತೆಂದು ತಪ್ಪಾಗಿ ತಿಳಿಸಿದ್ದರಿಂದ ಅವಘಡ ಸಂಭವಿಸಿದೆ ಎಂಬ ಅರ್ಥದ ಸಾಲು.

"ಒಳಗ ಇದ್ದವ್ರು ಮುಗೀತು ಅಂತ ಯಾಕ ಹೇಳ್ತಾರ್ರಿ? ನೀವ ಬಂದು ಅವರ ಫೋನ್ ನೋಡ್ರಿ."

ಶನಿವಾರ ಸಚಿನ್‌ಗೆ ಹೋದೆ. ಅವರ ಫೋನು ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆಗಳ ಜೊತೆ ವಾಪಸು ಬಂದಿತ್ತು. ಹೆಂಡತಿ ಅಲ್ಲಿಯ ಪಾಳಿಯವರ ಮೆಸೇಜು ಗುಂಪನ್ನು ತೆರೆದು ನನ್ನ ಮುಂದಿಟ್ಟರು. ಕೊನೆಯಲ್ಲಿ ಅವರು ಬರೆದಿದ್ದದ್ದು ಒಂದೇ ವಾಕ್ಯ, ನಾಲ್ಕನೇ ಟ್ಯಾಂಕಿನ ಶುಚಿಯ ಬಗ್ಗೆ. ಅದರ ಮೊದಲ ಪದ, ಬೋರ್ಡಿನ ಮೇಲೆ ನಾನು ಬರೆದಿದ್ದ ಆ ಮೂರರಲ್ಲಿ ನಡುವಿನದು, ತೆರ್ಮೀನೊ. ಗೆರೆ ಇಲ್ಲದೆ.

ಅವರ ಹೆಂಡತಿ ಕೇಳಿದರು, "ಏನ ಬರದಾರ್ರಿ?"

"ಮುಗಿಸುತ್ತಿದ್ದೇನೆ ಅಂತ ಬರೆದಿದ್ದಾರೆ" ಎಂದೆ. "ಅವರು ಸರಿಯಾಗೇ ಬರೆದಿದ್ದಾರೆ. ಓದಿದವನು ಮುಗಿಯಿತು ಅಂದುಕೊಂಡಿದ್ದಾನೆ."

ವರದಿಯ ಪ್ರಕಾರ ಅಲ್ಲಿ ನಡೆದದ್ದು ಇಷ್ಟು. ದ್ರಾವಕ ತುಂಬುವ ಟ್ಯಾಂಕನ್ನು ತೊಳೆದ ಮೇಲೆ ಬೆಂಕಿ ಹತ್ತದಿರಲೆಂದು ಒಳಗೆ ನೈಟ್ರೋಜನ್ ಬಿಟ್ಟು ಗಾಳಿಯನ್ನು ಹೊರದಬ್ಬುತ್ತಾರೆ. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗಿದ್ದವನಿಗೆ ಏನೂ ತಿಳಿಯುವುದಿಲ್ಲ, ಕೆಲವು ಉಸಿರಿನಲ್ಲಿ ಎಚ್ಚರ ತಪ್ಪುತ್ತದೆ. ತೊಳೆದವರು ಹೊರಗೆ ಬಂದ ಮೇಲೆ ಇವರು ಗುಂಪಿಗೆ ಆ ಮೆಸೇಜು ಹಾಕಿ, ಫೋನನ್ನೂ ಕೈಗವಸನ್ನೂ ಟ್ಯಾಂಕಿನ ಬಾಯಿಯ ಬಳಿ ಇಟ್ಟು, ದೀಪ ಹಿಡಿದು ಕೊನೆಯ ಸಲ ನೋಡಲು ಇಳಿದಿದ್ದರು. ಕಂಟ್ರೋಲ್ ರೂಮಿನಲ್ಲಿದ್ದ ಆಪರೇಟರ್ ಮೆಸೇಜು ಓದಿ ವಾಲ್ವ್ ತೆರೆದ.

ನಾನು ಉದ್ವೇಗದಿಂದ ಮಾತಾಡಿದೆ. ಇದನ್ನು ಸಾಬೀತು ಮಾಡಬಹುದು, ನನ್ನ ಬಳಿ ಅವರ ಎಲ್ಲ ಮೆಸೇಜುಗಳಿವೆ, ಅವರು ಯಾವತ್ತೂ ಗೆರೆ ತಪ್ಪಿಸಿದವರಲ್ಲ, ಮುಗಿಯಿತು ಎಂದು ಬರೆಯಬೇಕಿದ್ದರೆ ಗೆರೆ ಹಾಕಿಯೇ ಹಾಕುತ್ತಿದ್ದರು, ನಾನು ಅವರ ಶಿಕ್ಷಕಿಯಾಗಿ ಬರೆದು ಕೊಡುತ್ತೇನೆ. ಅವರ ಹೆಂಡತಿಯ ಮುಖದಲ್ಲಿ ಮೊದಲ ಸಲ ಒಂದಿಷ್ಟು ಜೀವ ಬಂತು. "ಬರದ ಕೊಡ್ರಿ ಅಕ್ಕೋರ. ತಮ್ಮ ಸಾವು ತಾವ ತಂದಕೊಂಡ್ರು ಅಂತ ನಾಳೆ ನನ್ನ ಮಗಳು ಓದಬಾರದು."

ವಾಪಸು ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಮೆಸೇಜುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಮೊದಲ ಐದು ತಿಂಗಳು ಎಲ್ಲ ಗೆರೆಗಳೂ ಇದ್ದವು. ಆಮೇಲೆ ನನ್ನ ಆ ಉತ್ತರ ಬಂತು. ಬಿಟ್ಬಿಡಿ, ಪರವಾಗಿಲ್ಲ. ಅದರ ನಂತರದವುಗಳಲ್ಲಿ ಕೆಲವಕ್ಕೆ ಗೆರೆ ಇತ್ತು, ಕೆಲವಕ್ಕೆ ಇರಲಿಲ್ಲ. ಕೊನೆಯ ತಿಂಗಳಿನಲ್ಲಿ ಒಂದೂ ಇರಲಿಲ್ಲ. ಭರೂಚ್‌ನಲ್ಲಿ ಗಾಡಿ ನದಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮನೆಗೆ ಬಂದು ಮೊದಲ ಐದು ತಿಂಗಳ ಮೆಸೇಜುಗಳನ್ನು ಮಾತ್ರ ಮುದ್ರಿಸಿಕೊಂಡೆ. ಅವರು ಎಂದೂ ಗುರುತು ತಪ್ಪಿಸುತ್ತಿರಲಿಲ್ಲ ಎಂದು ಇಂಗ್ಲಿಷ್‌ನಲ್ಲಿ ಪತ್ರ ಬರೆದು ಸಹಿ ಹಾಕಿದೆ. ಗಂಡ ಓದಿ, "ಉಳಿದವು?" ಎಂದು ಕೇಳಿದರು. "ಅಷ್ಟೇ ಇರೋದು" ಎಂದೆ. ಆ ಹೆಂಗಸಿಗಾಗಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನಗಾಗಿಯೂ ಮಾಡುತ್ತಿದ್ದೆ.

ಮುಂದಿನ ಶನಿವಾರ ಪತ್ರವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನಿಧಾನವಾಗಿ ಓದಿದರು, ಎರಡು ಸಲ. ಮಡಚಿ ಟೇಬಲಿನ ಮೇಲಿಟ್ಟರು. ಆಮೇಲೆ ಗಂಡನ ಫೋನು ತಂದು, ಒಂದು ಜಾಗಕ್ಕೆ ಸರಿಸಿ, ನನ್ನ ಮುಂದೆ ಹಿಡಿದರು. ಅವರ ಮತ್ತು ನನ್ನ ಮಾತುಕತೆ. ಸ್ಪ್ಯಾನಿಷ್ ಅವರಿಗೆ ಬರದಿದ್ದರೇನು, ಇಂಗ್ಲಿಷ್ ಅಕ್ಷರದಲ್ಲಿದ್ದ ಕನ್ನಡವನ್ನು ಅವರು ಓದಬಲ್ಲವರಾಗಿದ್ದರು. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

"ಇದನ್ನ ಬರದಾವ್ರು ನೀವಲ್ರಿ?"

"ಹೌದು."

"ಬ್ಯಾಡ ಅಂದಾವ್ರು ನೀವ. ಈಗ ಈ ಕಾಗದದಾಗ ಅವ್ರು ಎಂದೂ ಬಿಟ್ಟಿಲ್ಲ ಅಂತೀರಿ."

"ತಪ್ಪಾಯ್ತು" ಎಂದೆ. ಯಾವುದು ತಪ್ಪಾಯಿತೆಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಹೊರಗೆ ಪಾಳಿ ಬಿಟ್ಟ ಸೈರನ್ ಕೂಗಿತು. ಬೈಕುಗಳ ಸದ್ದು ಬಂತು, ಹೋಯಿತು. ಅವರು ಅಳಲಿಲ್ಲ. ಎದ್ದು ಹೋಗಿ ಒಣಗಿದ ಬಟ್ಟೆ ತೆಗೆದುಕೊಂಡು ಬಂದು, ನನ್ನ ಎದುರೇ ಕೂತು ಮಡಚತೊಡಗಿದರು. ಮಗಳ ಶಾಲೆಯ ಬಿಳಿ ಅಂಗಿ, ಟವೆಲ್ಲು, ಅವರ ಲ್ಯಾಬಿನ ಕೋಟು.

ಎಷ್ಟೋ ಹೊತ್ತಾದ ಮೇಲೆ ಕೇಳಿದರು, "ಅವತ್ತ ಅವ್ರು ಬರದ್ರಲ್ಲ, ಆ ಶಬ್ದಕ್ಕ ಗೆರಿ ಬೇಕಿತ್ತೇನ್ರಿ?"

"ಬೇಕಿರಲಿಲ್ಲ. ಮುಗಿಸುತ್ತಿದ್ದೇನೆ ಅನ್ನೋದಕ್ಕೆ ಗೆರೆ ಇಲ್ಲ."

"ಅಂದ್ರ ಅವ್ರು ಬರದದ್ದು ಸರಿ."

"ಸರಿ. ಒಂದಕ್ಷರವೂ ತಪ್ಪಿಲ್ಲ."

"ಹಂಗ ಬರೀರಿ ಮತ್ತ. ಅವ್ರು ಸರಿ ಬರದ್ರು ಅಂತ ಬರೀರಿ. ನೀವು ಬ್ಯಾಡ ಅಂದದ್ದೂ ಬರೀರಿ. ಎಲ್ಲಾ ಕಾಗದ ಇಡ್ರಿ. ನಮ್ಮ ಲ್ಯಾಬಿನ್ಯಾಗ ಅರ್ಧ ರಿಪೋರ್ಟ್ ಕೊಟ್ರ ರೋಗಿ ಸಾಯ್ತಾನ್ರಿ."

ನಾನು ಹೊಸ ಪತ್ರ ಬರೆದೆ. ನನ್ನ ಉತ್ತರವನ್ನೂ ಸೇರಿಸಿದೆ. ಅದನ್ನು ಟೈಪ್ ಮಾಡುವಾಗ ಆ ಎರಡು ವಾಕ್ಯಕ್ಕೆ ಬೇರೆ ಏನಾದರೂ ಅರ್ಥ ಬರುವ ಹಾಗೆ ಅನುವಾದಿಸಬಹುದೇ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು. ಹಾಗೆ ಮಾಡಲಿಲ್ಲ.

ಸೂರತ್‌ನಲ್ಲಿರುವ ಕಾರ್ಖಾನೆಯ ಮುಖ್ಯ ಕಚೇರಿಯಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡವರು ಒಬ್ಬ ವ್ಯವಸ್ಥಾಪಕರು. ವಯಸ್ಸಾದವರು, ಮರ್ಯಾದಸ್ಥರು, ನೀರು ತರಿಸಿ ಕೊಟ್ಟರು. ನನ್ನ ಪತ್ರ ಓದಿ ಹಿಂದಿಯಲ್ಲಿ ಹೇಳಿದರು, "ಬೆಹೆನ್‌ಜಿ, ಕೊನೆಯಲ್ಲಿ ಅವರೂ ಗುರುತು ಬಿಡುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ ಆ ಮೆಸೇಜು ಹೇಗೂ ಇರಬಹುದಲ್ಲ? ಮುಗಿಯಿತು ಎಂದೇ ಬರೆದಿರಬಹುದು."

ಬಾಗಲಕೋಟೆಯವರ ಹೆಂಡತಿ ಹಿಂದಿಯಲ್ಲಿ ಕೇಳಿದರು, "ಆಪರೇಟರ್ ಏನು ಹೇಳಿದ್ದಾನೆ? ಅದು ನಮಗೆ ಕೊಟ್ಟಿಲ್ಲ."

ಅದು ಸ್ಪ್ಯಾನಿಷ್‌ನಲ್ಲಿದೆ ಎಂದರು ವ್ಯವಸ್ಥಾಪಕರು. ಇವರಿಗೆ ಬರುತ್ತದೆ ಎಂದು ಅವರ ಹೆಂಡತಿ ನನ್ನತ್ತ ಕೈ ತೋರಿಸಿದರು. ವ್ಯವಸ್ಥಾಪಕರು ಒಂದು ಹಾಳೆ ತರಿಸಿದರು. ಎರಡು ಪುಟದ ಹೇಳಿಕೆ. ನಾನು ಅದನ್ನು ಕನ್ನಡದಲ್ಲಿ ಓದುತ್ತ ಹೋದೆ. ಅನುವಾದಿಸುವವರು ಹೇಳಿದವನ ಮಾತನ್ನು ಅವನ ಬಾಯಿಂದಲೇ ಹೇಳಬೇಕು, ಅದು ನಾವು ಕಲಿತ ರೀತಿ. ಹಾಗೇ ಹೇಳಿದೆ.

"ಟ್ಯಾಂಕಿನೊಳಗೆ ಜನರಿರುವಾಗ ವಾಲ್ವಿಗೆ ಹಾಕುವ ಬೀಗ ತಿಂಗಳ ಹಿಂದೆ ಕಳೆದಿತ್ತು. ಹೊಸದು ಕೇಳಿದ್ದೆವು, ಬಂದಿರಲಿಲ್ಲ. ಒಳಗಿಳಿಯುವವರು ಸಹಿ ಮಾಡಿದ ಕಾಗದ ಕೊಡಬೇಕು. ಹೊಸ ಮಾಲೀಕರು ಬಂದ ಮೇಲೆ ಕೆಲಸ ಬೇಗ ಆಗಲೆಂದು ಕಾಗದದ ಬದಲು ಫೋನಿನ ಗುಂಪಿನಲ್ಲೇ ಹೇಳುತ್ತಿದ್ದೆವು. ಇಂಜಿನಿಯರ್ ಬರೆದದ್ದನ್ನು ನಾನು ಓದಿದೆ. ಇಲ್ಲಿ ಯಾರೂ ಗುರುತು ಹಾಕುವುದಿಲ್ಲ. ಮುಗಿಯಿತು ಎಂದು ಓದಿಕೊಂಡೆ. ಹೋಗಿ ನೋಡಲಿಲ್ಲ, ಕೂಗಿ ಕೇಳಲಿಲ್ಲ. ನಾನೇ ತೆರೆದೆ."

ಓದುವಾಗ ಅವರ ಹೆಂಡತಿ ಹಾಳೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನೇ ತೆರೆದೆ ಎಂಬ ಮಾತು ನನ್ನ ದನಿಯಲ್ಲಿ, ಕನ್ನಡದಲ್ಲಿ ಅವರ ಕಿವಿಗೆ ಬಿತ್ತು. ಅವರ ಕಣ್ಣಿನಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಸಿಟ್ಟಲ್ಲ. ಯಾರನ್ನೋ ಕೊನೆಗೂ ಕಂಡಂತೆ ನೋಡುತ್ತಿದ್ದರು.

ಆಮೇಲೆ ಅವರು ವ್ಯವಸ್ಥಾಪಕರ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು. "ಬೀಗ ಇದ್ದಿದ್ದರೆ ಅವರು ಫೋನಿನಲ್ಲಿ ಏನು ಬರೆದರೂ ಬದುಕುತ್ತಿದ್ದರು. ಹೌದೋ ಅಲ್ಲವೋ?"

ವ್ಯವಸ್ಥಾಪಕರು ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. "ಹೌದು" ಎಂದರು. ಅದನ್ನು ಬರೆದು ಕೊಡುತ್ತೀರಾ ಎಂದು ಇವರು ಕೇಳಿದರು. ಮೇಲಿನವರ ಜೊತೆ ಮಾತಾಡುತ್ತೇನೆ ಎಂದರು.

ಒಂದು ತಿಂಗಳಿಗೆ ಹೊಸ ವರದಿ ಬಂತು. ತಪ್ಪಾಗಿ ತಿಳಿಸಿದ್ದರಿಂದ ಎಂಬ ಮಾತು ಹೋಗಿತ್ತು. ಸಂದೇಶದ ಅರ್ಥದಲ್ಲಿ ಗೊಂದಲವಾದ್ದರಿಂದ ಎಂದು ಸೇರಿಸಿದ್ದರು. ಬೀಗದ ಮಾತು ಎಲ್ಲೂ ಇರಲಿಲ್ಲ. ಕೊನೆಯಲ್ಲಿ, ಆಪರೇಟರನ್ನು ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಫೋನಿನಲ್ಲಿ ನಾನು ಅದನ್ನು ಹೇಳಿದಾಗ ಅವರ ಹೆಂಡತಿ ಅಂದರು, "ಅವಂಗ ಮೂರು ಮಕ್ಕಳಂತ್ರಿ. ಇವ್ರು ಹೇಳತಿದ್ರು, ಹೆಸರು ಸೈತ ಹೇಳಿದ್ರು. ಬೀಗ ಕೊಡಸಲಾರದವ್ರು ಎಲ್ಲಾ ಹಂಗ ಕುಂತಾರ." ಇನ್ನೂ ಓಡಾಡೋಣವೇ ಎಂದು ಕೇಳಿದೆ. "ಎಲ್ಲಿಗ್ರಿ? ಮೆಕ್ಸಿಕೊಕ್ಕೇನು?" ಎಂದರು. ವಕೀಲರೊಬ್ಬರನ್ನು ಕಂಡಿದ್ದರಂತೆ. ಅವಘಡ ಆದದ್ದು ಪರದೇಶದಲ್ಲಿ, ಅಲ್ಲೇ ಕೇಳಬೇಕು ಎಂದರಂತೆ.

ಅವರು ಕಾರ್ಖಾನೆಯ ಮನೆ ಬಿಟ್ಟು ಉಧ್ನಾದಲ್ಲಿ ಲ್ಯಾ‌ಬಿನ ಹತ್ತಿರ ಬಾಡಿಗೆ ಮನೆ ಮಾಡಿದರು. ಊರಿಗೆ ಬಾ ಎಂದು ಮೈದುನ ಕರೆದರೂ ಹೋಗಲಿಲ್ಲ. ಮಗಳ ಶಾಲೆ ಇಲ್ಲೇ ಇತ್ತು, ಅವಳಿಗೆ ಇಲ್ಲಿಯ ಭಾಷೆಯೇ ಬರುತ್ತಿದ್ದದ್ದು. ನಾನು ಆಗಾಗ ಫೋನ್ ಮಾಡುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ. ಊಟ ಆಯಿತೇ, ಮಗಳು ಹೇಗಿದ್ದಾಳೆ, ಅಷ್ಟೇ ಮಾತು. ಅವರು ಒಂದು ಸಲವೂ ತಾವಾಗಿ ಮಾಡಲಿಲ್ಲ. ನನಗೆ ಅದು ಆಗ ಕಾಣಿಸಲಿಲ್ಲ.

ವರ್ಷದ ತಿಥಿಗೆ ಮಾತ್ರ ಕರೆದರು. ನಾಲ್ಕೇ ಜನ ಇದ್ದೆವು. ಊಟವಾಯಿತು. ಮಗಳು ನನ್ನ ಪಕ್ಕದಲ್ಲಿ ಕೂತು ಗುಜರಾತಿಯಲ್ಲಿ ತನ್ನ ಶಾಲೆಯ ಕಥೆ ಹೇಳಿದಳು. ಯಾರೂ ಆ ದಿನದ ಮಾತೆತ್ತಲಿಲ್ಲ. ಹೊರಟಾಗ ಅವಳ ತಾಯಿ ನನ್ನ ಜೊತೆ ಬೀದಿಯ ತುದಿಯವರೆಗೆ ನಡೆದು ಬಂದರು. ರಿಕ್ಷಾ ನಿಲ್ಲಿಸಿದರು. ನಾನು ಹತ್ತುವ ಮುಂಚೆ ತೋಳು ಹಿಡಿದು ಹೇಳಿದರು.

"ಅಕ್ಕೋರ, ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ. ಸಿಟ್ಟಿಲ್ರಿ ನನಗ, ದೇವರಾಣಿ ಇಲ್ರಿ. ನಿಮ್ಮ ದನಿ ಕೇಳಿದ್ರ ಆ ಆಪರೇಟರ್ ಹೇಳಿದಂಗ ಕೇಳಸ್ತೈತಿ. ನಾನೇ ತೆರದೆ ಅಂತ. ದಿನಾ ಕೆಲಸ ಮಾಡಬೇಕಲ್ರಿ ನಾನು."

"ಆಯ್ತು" ಎಂದೆ. "ಮಾಡಲ್ಲ."

ಅವರು ರಿಕ್ಷಾದವನಿಗೆ ಗುಜರಾತಿಯಲ್ಲಿ ಸ್ಟೇಷನ್ ಎಂದು ಹೇಳಿ ಹಿಂದಿರುಗಿದರು. ಆಮೇಲೆ ಇವತ್ತಿನವರೆಗೆ ನಾನು ಅವರಿಗೆ ಫೋನ್ ಮಾಡಿಲ್ಲ.